ಜಗಲಿಯ ದುರಸ್ತಿ ಕಾಯಕ: ವಲಯ ನಿಯಮಾವಳಿ ಯಾರಿಗಾಗಿ?

ಉತ್ತರ ಪ್ರದೇಶದ ಮೀರತ್ ನಗರದ ಶಾಸ್ತ್ರಿನಗರ ಬಡಾವಣೆಯಲ್ಲಿ ವಾಸಕ್ಕೆಂದು ಹಂಚಿಕೆಯಾಗಿದ್ದ ನಿವೇಶನವೊಂದರಲ್ಲಿ ಅಂಗಡಿ ಮಳಿಗೆಗಳು ತಲೆಯೆತ್ತಿದ್ದವು. ಆ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 2024ರ ಡಿಸೆಂಬರ್ 17ರಂದು ಇತ್ಯರ್ಥವಾಯಿತು. ತೀರ್ಪು ಕೊಟ್ಟ ನ್ಯಾಯಪೀಠವು ಆ ಒಂದು ನಿವೇಶನದ ಪ್ರಶ್ನೆಗೆ ಉತ್ತರವಿತ್ತು ಸುಮ್ಮನಾಗಲಿಲ್ಲ. ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುವ ನಿರ್ದೇಶನಗಳನ್ನು ಹೊರಡಿಸಿತು. ಪೂರ್ಣತಾ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಕೂಡದು ಎಂಬುದು ಅವುಗಳಲ್ಲಿ ಒಂದು. ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದ ಕಟ್ಟಡದಲ್ಲಿ, ಅದು ವಾಸದ್ದಾಗಿರಲಿ ವಾಣಿಜ್ಯದ್ದಾಗಿರಲಿ, ಯಾವುದೇ ವ್ಯಾಪಾರ ವ್ಯವಹಾರಕ್ಕೆ ಪರವಾನಗಿ ನೀಡಕೂಡದು ಎಂಬುದು ಮತ್ತೊಂದು.

ಮೊದಲನೆಯ ನಿರ್ದೇಶನದ ಬಿಸಿ ನಮ್ಮ ರಾಜ್ಯಕ್ಕೆ ಬೇಗನೆ ತಟ್ಟಿತು. 2025ರಲ್ಲಿ ಮನೆ ಕಟ್ಟಿ ಮುಗಿಸಿದ ಎಷ್ಟೋ ಕುಟುಂಬಗಳು ವಿದ್ಯುತ್ ಸಂಪರ್ಕಕ್ಕಾಗಿ ಪರದಾಡಿದವು. ಕೊನೆಗೆ ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವು 1200 ಚದರ ಅಡಿಯವರೆಗಿನ ನಿವೇಶನಗಳಲ್ಲಿನ ಮನೆಗಳಿಗೆ ವಾಸಯೋಗ್ಯ ಪ್ರಮಾಣಪತ್ರದಿಂದ ವಿನಾಯಿತಿ ನೀಡಲು ತೀರ್ಮಾನಿಸಿತು. ಪತ್ರಿಕೆಗಳು ಇದನ್ನೆಲ್ಲ ವಿವರವಾಗಿ ಬರೆದವು. ಎರಡನೆಯ ನಿರ್ದೇಶನದ ಕುರಿತು ಮಾತ್ರ ಹೆಚ್ಚಿನ ಚರ್ಚೆ ನಡೆದಂತಿಲ್ಲ. ಅದರ ಪೆಟ್ಟು ಬೀಳುವುದು ದೊಡ್ಡ ಮಳಿಗೆಗಳಿಗಿಂತ ಮುಂಚಿತವಾಗಿ ಮನೆಯ ಜಗಲಿಯಲ್ಲಿ ಮೇಜು ಹಾಕಿ ಮಿಕ್ಸಿ, ಪಂಪು, ಹೊಲಿಗೆ ಯಂತ್ರ ದುರಸ್ತಿ ಮಾಡುವವನಿಗೆ. ಅವನ ಬಗ್ಗೆ ಇಂದು ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನಿಸಿದೆ.

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಇಂಥವರು ಯಾವ ವಾಳೆಯಲ್ಲಿ ಇಲ್ಲ? 2020ರ ಮೇ ತಿಂಗಳಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಿಳಿದಾಗಿನಿಂದ ಕೊಲ್ಲಿ ರಾಷ್ಟ್ರಗಳ ದುಡಿಮೆ ಕಳೆದುಕೊಂಡು ಮರಳಿದವರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಅನೇಕರು ಅಲ್ಲಿ ಹವಾನಿಯಂತ್ರಣ ಯಂತ್ರಗಳ ನಿರ್ವಹಣೆ, ವಿದ್ಯುತ್ ಕೆಲಸ, ವಾಹನ ದುರಸ್ತಿ ಇತ್ಯಾದಿಗಳಲ್ಲಿ ಪಳಗಿದವರು. ಪೇಟೆಯಲ್ಲಿ ಕೋಣೆ ಹಿಡಿಯಲು ಮುಂಗಡ ಹಣವಿಲ್ಲ. ವಯಸ್ಸು ಐವತ್ತರ ಹತ್ತಿರ. ಕೈಯಲ್ಲಿ ವಿದ್ಯೆಯಿದೆ, ಮನೆಗೆ ಜಗಲಿಯಿದೆ. ಮಳೆಗಾಲದ ಮೊದಲ ಸಿಡಿಲಿಗೆ ಊರಿನ ಟಿ.ವಿ.ಗಳೂ ಬಾವಿಯ ಪಂಪುಗಳೂ ಸುಟ್ಟುಹೋದಾಗ ಜನರು ಹುಡುಕಿಕೊಂಡು ಹೋಗುವುದು ಇವರ ಮನೆಗೇ. ಹೀಗೆ ಯಾವ ಅರ್ಜಿಯೂ ಇಲ್ಲದೆ, ಯಾವ ಉದ್ಘಾಟನೆಯೂ ಇಲ್ಲದೆ ಒಂದು ವೃತ್ತಿ ಆರಂಭವಾಗುತ್ತದೆ.

ಒಂದು ದಿನ ನೆರೆಮನೆಯಿಂದ ದೂರು ಹೋಗುತ್ತದೆ. ಸ್ಥಳೀಯ ಸಂಸ್ಥೆಯಿಂದ ತಿಳುವಳಿಕೆ ಪತ್ರ ಬರುತ್ತದೆ. ‘ವಾಸದ ವಲಯದಲ್ಲಿ ಅನಧಿಕೃತ ವಾಣಿಜ್ಯ ಚಟುವಟಿಕೆ, ಉದ್ದಿಮೆ ಪರವಾನಗಿ ಇಲ್ಲ, ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.’ ಇಂತಹ ಪತ್ರವೊಂದನ್ನು ಹಿಡಿದು ಒಬ್ಬ ಗೃಹಸ್ಥರು ನಮ್ಮಲ್ಲಿಗೆ ಬಂದಿದ್ದರು. ಅವರು ಕೇಳಿದ ಪ್ರಶ್ನೆ ಬಹಳ ಸರಳವಾದುದು. “ಫಾದರ್, ಇದು ನನ್ನದೇ ಮನೆ. ಮನೆ ತೆರಿಗೆ ಕಟ್ಟಿದ್ದೇನೆ. ನಾನು ಕೂತಿರುವುದು ನನ್ನ ಜಗಲಿಯಲ್ಲಿ. ತಪ್ಪು ಯಾವುದು?”

ತಪ್ಪು ಯಾವುದೆಂದು ತಿಳಿಯಬೇಕಾದರೆ ನಾಲ್ಕು ಬೇರೆ ಬೇರೆ ಬಾಗಿಲುಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ನಮ್ಮ ಜನರು ಇವುಗಳನ್ನು ಒಂದಕ್ಕೊಂದು ಬೆರೆಸಿಬಿಡುತ್ತಾರೆ. ‘ಕನ್ವರ್ಷನ್ ಆಗಿದೆ ಫಾದರ್’ ಎಂದರೆ ಎಲ್ಲವೂ ಆಯಿತೆಂದು ಅವರ ಭಾವನೆ. ಕನ್ವರ್ಷನ್ ಎಂಬುದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಕೃಷಿಭೂಮಿಯನ್ನು ಕೃಷಿಯೇತರ ಉಪಯೋಗಕ್ಕೆ ಪರಿವರ್ತಿಸುವ ಕಂದಾಯ ಇಲಾಖೆಯ ಆದೇಶ. ಅದರಲ್ಲಿ ‘ವಾಸದ ಉದ್ದೇಶಕ್ಕಾಗಿ’ ಎಂದು ಬರೆದಿರುತ್ತದೆ. ಎರಡನೆಯದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದನ್ವಯ ಸಿದ್ಧವಾಗುವ ಮಹಾಯೋಜನೆ. ಅದರ ನಕಾಶೆಯಲ್ಲಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಬಣ್ಣ ಬಳಿದಿರುತ್ತಾರೆ. ನಮ್ಮ ಗೃಹಸ್ಥರ ಮನೆ ಹಳದಿಯಲ್ಲಿದೆ. ಮೂರನೆಯದು ಕಟ್ಟಡ ಪರವಾನಗಿ ಮತ್ತು ಮಂಜೂರಾದ ನಕ್ಷೆ. ನಾಲ್ಕನೆಯದು ನಗರಪಾಲಿಕೆ, ಪುರಸಭೆ ಅಥವಾ ಪಂಚಾಯತಿಯ ಉದ್ದಿಮೆ ಪರವಾನಗಿ. ಖಾತೆಯಾಗಲಿ, ಪಂಚಾಯತಿ ವ್ಯಾಪ್ತಿಯ 9/11 ನಮೂನೆಯಾಗಲಿ, ತೆರಿಗೆ ಪಾವತಿಯ ರಸೀದಿಯಾಗಲಿ ಇವುಗಳಲ್ಲಿ ಒಂದಕ್ಕೂ ಬದಲಿಯಲ್ಲ.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಹಳದಿ ಬಣ್ಣವೆಂದರೆ ವಾಸದ ಹೊರತು ಬೇರೇನೂ ಕೂಡದೆಂದು ಅರ್ಥವಲ್ಲ. ನಮ್ಮ ರಾಜ್ಯದ ವಲಯ ನಿಯಮಾವಳಿಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ: ಯಾರನ್ನೂ ಕೇಳದೆ ಮಾಡಬಹುದಾದ ಉಪಯೋಗಗಳು ಒಂದು, ಯೋಜನಾ ಪ್ರಾಧಿಕಾರದ ವಿಶೇಷ ಅನುಮತಿ ಪಡೆದು ಮಾಡಬಹುದಾದವು ಇನ್ನೊಂದು. ಸಣ್ಣ ಸೇವಾ ಉದ್ದಿಮೆಗಳು ಎಂಬ ಹೆಸರಿನಲ್ಲಿ ದುರಸ್ತಿ ಕೆಲಸಗಳಿಗೆ, ಕಟ್ಟಡದ ಇಂತಿಷ್ಟೇ ಭಾಗ, ಇಂತಿಷ್ಟೇ ಅಶ್ವಶಕ್ತಿಯ ವಿದ್ಯುತ್ತು ಎಂಬ ಮಿತಿಯೊಳಗೆ, ಅವಕಾಶ ಕಲ್ಪಿಸಿರುವುದುಂಟು. ಮಿತಿಯು ಊರಿಂದ ಊರಿಗೆ ಬೇರೆಯಾಗುತ್ತದೆ. ಆದುದರಿಂದ ‘ಮಂಗಳೂರಿನ ನಮ್ಮ ಭಾವನಿಗೆ ಸಿಕ್ಕಿದೆ’ ಎಂಬ ಮಾತನ್ನು ನಂಬಿ ಕುಂದಾಪುರದಲ್ಲಿ ಯಂತ್ರ ಕೂರಿಸಬಾರದು. ತಮ್ಮ ಊರಿನ ಪ್ರಾಧಿಕಾರದಿಂದ ತಮ್ಮ ಸರ್ವೆ ನಂಬರಿನ ವಲಯ ದೃಢೀಕರಣವನ್ನೂ ನಿಯಮಾವಳಿಯ ಸಂಬಂಧಪಟ್ಟ ಪುಟಗಳ ಪ್ರತಿಯನ್ನೂ ಲಿಖಿತವಾಗಿ ಪಡೆಯುವುದೇ ಮೊದಲ ಕೆಲಸ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ.

ದಲ್ಲಾಳಿಗಳು ಈ ಹಂತದಲ್ಲಿಯೇ ಜನರನ್ನು ದಾರಿ ತಪ್ಪಿಸುವುದು. ಯೋಜನಾ ಅಧಿನಿಯಮದ 14-ಎ ಪ್ರಕರಣದಡಿ ‘ಭೂ ಉಪಯೋಗ ಬದಲಾವಣೆ’ ಮಾಡಿಸಿಕೊಡುತ್ತೇವೆಂದು ಹೇಳಿ ಸಹಸ್ರಾರು ರೂಪಾಯಿ ಕೇಳುತ್ತಾರೆ. ಅದು ಇಡೀ ನಿವೇಶನದ ಬಣ್ಣವನ್ನೇ ಹಳದಿಯಿಂದ ನೀಲಿಗೆ ಬದಲಿಸುವ ಕ್ರಮ. ಪತ್ರಿಕಾ ಪ್ರಕಟಣೆ, ಆಕ್ಷೇಪಣೆಗಳ ವಿಚಾರಣೆ, ಶುಲ್ಕ, ಇವೆಲ್ಲ ಅದಕ್ಕೆ ಬೇಕು. ಜಗಲಿಯಲ್ಲಿ ಒಂದು ಮೇಜು ಹಾಕಿದವನಿಗೆ ಅದರ ಅಗತ್ಯವಿಲ್ಲ. ಮನೆ ಮನೆಯಾಗಿಯೇ ಉಳಿದು ಅದರೊಳಗೆ ಮಿತವಾದ ಪೂರಕ ಉಪಯೋಗಕ್ಕೆ ಅನುಮತಿ ಸಿಗುತ್ತದೆಯೇ ಎಂದು ಕೇಳಿದರೆ ಸಾಕು. ಅರ್ಜಿ ಸಲ್ಲಿಸಿದಾಗ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. 2011ರ ಆ ಕಾಯಿದೆಯ ಪ್ರಕಾರ ಅದರಡಿ ಬರುವ ಸೇವೆ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವಿದೆ. ಆ ಹಣ ದೊಡ್ಡದಲ್ಲ. ಕಡತಕ್ಕೆ ಒಂದು ದಿನಾಂಕ ಬೀಳುತ್ತದೆಂಬುದು ದೊಡ್ಡದು.

ಇಷ್ಟಾದರೂ ಒಂದು ಗಂಟು ಬಿಡುವುದಿಲ್ಲ. ನಮ್ಮ ಕಡೆಯ ಜಗಲಿಗಳಲ್ಲಿ ಬಹುಪಾಲು ಮಂಜೂರಾದ ನಕ್ಷೆಯಲ್ಲಿ ಇರುವಂತೆ ಇಲ್ಲ. ಮಳೆಯ ಇರಚಲು ತಡೆಯಲು ತಗಡಿನ ಶೀಟು ಇಳಿಸಿ, ಅರ್ಧ ಗೋಡೆ ಏರಿಸಿ, ಗ್ರಿಲ್ಲು ಹಾಕಿ ಮುಚ್ಚಿರುತ್ತಾರೆ. ಬಿಡಬೇಕಾದ ಸೆಟ್‌ಬ್ಯಾಕ್ ಜಾಗದೊಳಗೆ ಎರಡು ಮೂರು ಅಡಿ ಬಂದಿರುತ್ತದೆ. ವಾಸವಾಗಿರುವಷ್ಟು ದಿನ ಅದನ್ನು ಯಾರೂ ಕೇಳಲಿಲ್ಲ. ಪರವಾನಗಿಗೆಂದು ಅರ್ಜಿ ಹಾಕಿದ ದಿನ ಪರಿಶೀಲನೆಗೆ ಬಂದ ಅಧಿಕಾರಿ ಮೊದಲು ನೋಡುವುದು ಅದನ್ನೇ. 2024ರ ತೀರ್ಪಿನ ಅನಂತರ ಅವರು ನೋಡಿಯೂ ನೋಡದಂತಿರಲು ಸಾಧ್ಯವಿಲ್ಲ; ನಿರ್ದೇಶನ ಉಲ್ಲಂಘಿಸಿದ ಅಧಿಕಾರಿಯ ಮೇಲೂ ಕ್ರಮವಾಗಬೇಕೆಂದು ಅದೇ ತೀರ್ಪು ಹೇಳಿದೆ. ಹೀಗಾಗಿ ವಿಚಿತ್ರವಾದ ಫಲಿತಾಂಶವೊಂದು ಹುಟ್ಟುತ್ತದೆ. ಅರ್ಜಿ ಹಾಕದೆ ಸುಮ್ಮನಿದ್ದವನು ದೂರು ಬರುವವರೆಗೆ ಸುರಕ್ಷಿತ. ಕಾನೂನಿಗೆ ತಲೆಬಾಗಿ ಅರ್ಜಿ ಹಾಕಿದವನು ತನ್ನ ಮನೆಯ ದೋಷವನ್ನು ತಾನೇ ತೋರಿಸಿಕೊಟ್ಟಂತಾಗುತ್ತದೆ. ಪ್ರಾಮಾಣಿಕನಿಗೆ ಮೊದಲು ಶಿಕ್ಷೆಯಾಗುವ ವ್ಯವಸ್ಥೆಯನ್ನು ಸುವ್ಯವಸ್ಥೆಯೆಂದು ಕರೆಯುವುದು ಕಷ್ಟ. ಇದಕ್ಕಾಗಿ ನಾವು ನ್ಯಾಯಾಲಯವನ್ನು ದೂಷಿಸುವುದಿಲ್ಲ. ಮೀರತ್ತಿನ ಕಟ್ಟಡ ದಶಕಗಳ ಕಾಲ ಅಧಿಕಾರಿಗಳ ಕಣ್ಣೆದುರೇ ನಿಂತಿತ್ತು. ನ್ಯಾಯಾಲಯ ಕಣ್ಣಿಟ್ಟದ್ದು ಅಂತಹ ಉಪೇಕ್ಷೆಯ ಮೇಲೆ. ಆದರೆ ಮೂರು ಅಡಿ ತಗಡಿನ ಮಾಡನ್ನೂ ಮೂರಂತಸ್ತಿನ ಅಕ್ರಮ ಮಳಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗದಂತೆ ವಿಧಿ ರೂಪಿಸುವ ಹೊಣೆ ಸರಕಾರದ್ದು.

ವಲಯ ವಿಂಗಡಣೆಯ ಹಿಂದಿನ ಆಲೋಚನೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೈಗಾರಿಕಾ ನಗರಗಳಲ್ಲಿ ಹೊಗೆಕೊಳವೆಯ ಕೆಳಗೇ ಮಕ್ಕಳು ಮಲಗುತ್ತಿದ್ದರು. ಅದನ್ನು ನೋಡಿದವರು ಮನೆ ಮತ್ತು ಕಾರ್ಖಾನೆಗಳನ್ನು ಬೇರ್ಪಡಿಸಲು ಹೊರಟದ್ದು ನ್ಯಾಯವೇ. ನ್ಯೂಯಾರ್ಕ್ ನಗರವು 1916ರಲ್ಲಿ ಇಡೀ ನಗರಕ್ಕೆ ವಲಯ ನಿಯಮ ಮಾಡಿತು. 1926ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಯೂಕ್ಲಿಡ್ ಎಂಬ ಹಳ್ಳಿಯ ಪ್ರಕರಣದಲ್ಲಿ ಅಂಥ ನಿಯಮ ಸಿಂಧುವೆಂದು ಎತ್ತಿಹಿಡಿಯಿತು. ನಮ್ಮಲ್ಲಿ 1915ರಲ್ಲಿಯೇ ಮುಂಬಯಿ ಪ್ರಾಂತದಲ್ಲಿ ನಗರ ಯೋಜನಾ ಕಾಯಿದೆ ಬಂದಿತ್ತು. ಆದರೆ ಕಾರ್ಖಾನೆಯ ಹೊಗೆಯಿಂದ ಮನೆಯನ್ನು ಕಾಯಲು ಹುಟ್ಟಿದ ನಿಯಮವು ಮನೆಯೊಳಗಿನ ಸುತ್ತಿಗೆ, ಇಕ್ಕುಳಗಳನ್ನೂ ಕಾರ್ಖಾನೆಯೆಂದು ಭಾವಿಸತೊಡಗಿದಾಗ ನಿಯಮ ತನ್ನ ಉದ್ದೇಶವನ್ನು ಮರೆತಿದೆಯೆನ್ನಬೇಕಾಗುತ್ತದೆ. ಗ್ರೀಕರ ಭಾಷೆಯಲ್ಲಿ ‘ಅರ್ಥಶಾಸ್ತ್ರ’ಕ್ಕಿರುವ ಪದದ ಮೂಲಾರ್ಥವೇ ಮನೆಯ ನಿರ್ವಹಣೆ. ಅರಿಸ್ಟಾಟಲನಿಗೆ ಗೃಹವೆಂದರೆ ಉಂಡು ಮಲಗುವ ಜಾಗ ಮಾತ್ರವಾಗಿರಲಿಲ್ಲ, ದುಡಿಮೆಯ ಜಾಗವೂ ಆಗಿತ್ತು. ನಮ್ಮ ಕಮ್ಮಾರ, ಬಡಗಿ, ಅಕ್ಕಸಾಲಿಗರ ಮನೆಗಳೂ ಹಾಗೆಯೇ ಇದ್ದವು. ನಜರೇತಿನ ಬಡಗಿಯ ಮನೆಯನ್ನು ಎರಡು ಬಣ್ಣಗಳಲ್ಲಿ ವಿಂಗಡಿಸಲು ಯಾವ ನಕಾಶೆಗಾರನಿಗೂ ಸಾಧ್ಯವಾಗುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಮನೆಮನೆಯ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಮಾನ್ಯ ಮಾಡಿತು. ಆ ಜಗಲಿಗೆ ‘ವಾಣಿಜ್ಯ ಚಟುವಟಿಕೆ’ ಎಂಬ ತಿಳುವಳಿಕೆ ಪತ್ರ ಬಂದುದನ್ನು ನಾವು ಕೇಳಿಲ್ಲ. ಏಕೆ? ಅದು ಸದ್ದು ಮಾಡಲಿಲ್ಲ. ಅದನ್ನು ಮಾಡಿದವರೂ ಸದ್ದು ಮಾಡಲಿಲ್ಲ. ವಕೀಲರು, ವೈದ್ಯರು ಮನೆಯಲ್ಲಿ ಕಚೇರಿ ಇಟ್ಟುಕೊಂಡರೂ ಯಾರೂ ಆಕ್ಷೇಪಿಸುವುದಿಲ್ಲ. ವಕೀಲರು ಮನೆಯಲ್ಲಿ ನಡೆಸುವ ಕಚೇರಿಗೆ ವಾಣಿಜ್ಯ ದರದಲ್ಲಿ ವಿದ್ಯುತ್ ಶುಲ್ಕ ವಿಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ಮಧ್ಯ ಪ್ರದೇಶದ ಪ್ರಕರಣವೊಂದರಲ್ಲಿ 2005ರಲ್ಲಿ ಹೇಳಿದೆ. ನೋಯ್ಡಾದ ವಾಸದ ಬಡಾವಣೆಗಳಿಂದ ಬ್ಯಾಂಕುಗಳೂ ನರ್ಸಿಂಗ್ ಹೋಮುಗಳೂ ತೆರಳಬೇಕೆಂದು 2011ರಲ್ಲಿ ಕಟ್ಟುನಿಟ್ಟಾಗಿ ಆದೇಶಿಸಿದಾಗಲೂ ಅದೇ ನ್ಯಾಯಾಲಯವು ವಕೀಲರು, ವೈದ್ಯರು, ವಾಸ್ತುಶಿಲ್ಪಿಗಳು ತಮ್ಮ ಮನೆಯ ಮಿತ ಭಾಗವನ್ನು ವೃತ್ತಿಗೆ ಬಳಸುವುದನ್ನು ಬೇರೆಯಾಗಿಯೇ ಎಣಿಸಿತು. ಸಂಜೆ ಐದರಿಂದ ಎಂಟರವರೆಗೆ ನಲವತ್ತು ರೋಗಿಗಳು ಬಂದು ಹೋಗುವ ವೈದ್ಯರ ಮನೆಯ ಮುಂದೆ ನಿಲ್ಲುವ ವಾಹನಗಳಿಗಿಂತ ದಿನಕ್ಕೆ ಆರು ಮಿಕ್ಸಿ ಬರುವ ಮನೆಯ ಮುಂದೆ ನಿಲ್ಲುವ ವಾಹನಗಳು ಹೆಚ್ಚಲ್ಲ. ಮೊದಲನೆಯದಕ್ಕೆ ‘ವೃತ್ತಿ’ ಎಂದು ಹೆಸರು, ಎರಡನೆಯದಕ್ಕೆ ‘ವಾಣಿಜ್ಯ’ ಎಂದು ಹೆಸರು. ಕೈಗೆ ಎಣ್ಣೆ ಮೆತ್ತಿಕೊಳ್ಳುವವನ ದುಡಿಮೆಯನ್ನು ಒಂದು ಮೆಟ್ಟಿಲು ಕೆಳಗಿಡುವ ಹಳೆಯ ಅಭ್ಯಾಸ ಈ ಹೆಸರುಗಳಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಇನ್ನೊಂದು ವಿರೋಧಾಭಾಸವನ್ನೂ ನೋಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯು ರಸ್ತೆಬದಿಯಲ್ಲಿ ಕುಳಿತು ಸರಕು ಮಾರುವವರನ್ನು ಮಾತ್ರವಲ್ಲ, ಸೇವೆ ಒದಗಿಸುವವರನ್ನೂ ತನ್ನ ರಕ್ಷಣೆಯೊಳಗೆ ತಂದಿತು. ಮರದ ಕೆಳಗೆ ಕುಳಿತು ಕೊಡೆ, ಚಪ್ಪಲಿ, ಸೈಕಲ್ ದುರಸ್ತಿ ಮಾಡುವವನಿಗೆ ಗುರುತಿನ ಚೀಟಿ, ಪಟ್ಟಣ ವ್ಯಾಪಾರ ಸಮಿತಿ, ಎತ್ತಂಗಡಿಗೆ ಮುನ್ನ ಸೂಚನೆ ಎಂಬ ಹಕ್ಕುಗಳಿವೆ. ಅದು ಆಗಬೇಕಾದ ಕಾನೂನೇ. ಆದರೆ ಅದೇ ಮನುಷ್ಯನು ರಸ್ತೆ ಬಿಟ್ಟು ಹತ್ತು ಮಾರು ದೂರದ ತನ್ನ ಮನೆಯ ಜಗಲಿಗೆ ಪೆಟ್ಟಿಗೆ ಎತ್ತಿಕೊಂಡು ಹೋದರೆ ಆ ರಕ್ಷಣೆ ರಸ್ತೆಯಲ್ಲಿಯೇ ಉಳಿಯುತ್ತದೆ; ಮನೆಯಲ್ಲಿ ಅವನು ನಿಯಮ ಭಂಗ ಮಾಡಿದವನಾಗುತ್ತಾನೆ. ಮನೆಯಾಧಾರಿತ ದುಡಿಮೆಯ ಕುರಿತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಒಪ್ಪಂದವೊಂದನ್ನು ಅಂಗೀಕರಿಸಿತು. ಭಾರತ ಅದನ್ನು ಅನುಮೋದಿಸಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬೀಗ ಮಾಡುವವರು, ಚಮ್ಮಾರರು, ದರ್ಜಿಗಳು, ದೋಣಿ ಕಟ್ಟುವವರು, ಬಲೆ ಹೆಣೆಯುವವರು ಅದರಲ್ಲಿದ್ದಾರೆ. ಮೋಟಾರು ವೈಂಡಿಂಗ್ ಮಾಡುವವನು, ಫ್ರಿಜ್ಜಿಗೆ ಗ್ಯಾಸ್ ತುಂಬುವವನು, ಮೊಬೈಲ್ ಬಿಚ್ಚುವವನು ಇಲ್ಲ. ಅತ್ತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನೇ ತೆರೆಯಿತು. ಕೆಟ್ಟ ವಸ್ತುವನ್ನು ಬಿಸಾಡದೆ ದುರಸ್ತಿ ಮಾಡಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆಯಂತೆ. ಸಂತೋಷ. ದುರಸ್ತಿ ಮಾಡುವವನು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಮಾತ್ರ ಯಾರೂ ಹೇಳಿಲ್ಲ.

ಈಗ ನೆರೆಮನೆಯವರ ಪಕ್ಷವನ್ನು ಹೇಳೋಣ, ಏಕೆಂದರೆ ಅವರೂ ನಮ್ಮವರೇ. ಒಂದೇ ಇಗರ್ಜಿಗೆ ಬರುವವರು, ಒಂದೇ ವಾಳೆಯವರು. ನಾವು ಮೇಲೆ ಹೇಳಿದ ಪ್ರಕರಣದಲ್ಲಿ ದೂರು ಕೊಟ್ಟವರು ನಿವೃತ್ತ ಶಿಕ್ಷಕಿ. ಅವರ ಪತಿ ಹೃದ್ರೋಗಿ. ಅವರು ಹೊಟ್ಟೆಕಿಚ್ಚಿನಿಂದ ದೂರು ಕೊಟ್ಟರೆಂದು ಊರವರು ಆಡಿಕೊಂಡರು. ನಾವು ಹೋಗಿ ಮಾತನಾಡಿದಾಗ ತಿಳಿದದ್ದು ಬೇರೆಯೇ. ಪಂಪು, ಮಿಕ್ಸಿಗಳಿದ್ದಷ್ಟು ಕಾಲ ಅವರಿಗೆ ತಕರಾರಿರಲಿಲ್ಲ. ತಮ್ಮ ಮಿಕ್ಸಿಯನ್ನೂ ಅಲ್ಲಿಗೇ ಕೊಟ್ಟಿದ್ದರು. ಎರಡು ವರ್ಷಗಳಿಂದ ಸ್ಕೂಟರು, ಬೈಕುಗಳೂ ಬರತೊಡಗಿದ್ದವು. ರಾತ್ರಿ ಒಂಬತ್ತಕ್ಕೆ ಸೈಲೆನ್ಸರ್ ಬಿಚ್ಚಿ ಎಂಜಿನ್ ಏರಿಸಿ ನೋಡುವುದು. ಗೇಟಿಗೆ ಅಡ್ಡವಾಗಿ ನಿಲ್ಲುವ ಗಾಡಿಗಳು. ಎಲ್ಲಕ್ಕಿಂತ ಮಿಗಿಲಾಗಿ ಸುಟ್ಟ ಎಣ್ಣೆಯನ್ನು ಹಿತ್ತಿಲ ಚರಂಡಿಗೆ ಸುರಿಯುತ್ತಿದ್ದುದು. ಆ ಚರಂಡಿ ಹೋಗುವುದು ಅವರ ಬಾವಿಯ ಪಕ್ಕದಲ್ಲಿ. “ಫಾದರ್, ಬಾವಿಯ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಂಡ ದಿನ ನಾನು ಬರೆದುಕೊಟ್ಟೆ” ಎಂದರು ಆ ತಾಯಿ. ಮುರಕಲ್ಲಿನ ನೆಲದಲ್ಲಿ ಏನು ಸುರಿದರೂ ಅದು ಬಾವಿಗೆ ದಾರಿ ಹುಡುಕಿಕೊಳ್ಳುತ್ತದೆಂದು ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ನ್ಯಾಯವು ಸಂಪೂರ್ಣವಾಗಿ ಆ ತಾಯಿಯ ಕಡೆಗಿತ್ತು. ನಮ್ಮದೇ ಜಗಲಿ ಎಂಬ ಮಾತು ನಮ್ಮ ಬೇಲಿಯ ತನಕ ಮಾತ್ರ ನಡೆಯುತ್ತದೆ. ಸದ್ದು, ಹೊಗೆ, ಎಣ್ಣೆ ಯಾವುದೂ ಬೇಲಿಯಲ್ಲಿ ನಿಲ್ಲುವುದಿಲ್ಲ.

ತತ್ತ್ವಶಾಸ್ತ್ರದ ತರಗತಿಯಲ್ಲಿ ವಸ್ತುವಿನ ಸಾರ ಬೇರೆ, ಅದಕ್ಕೆ ಅಂಟಿಕೊಂಡ ಉಪಾಧಿ ಬೇರೆ ಎಂದು ಕಲಿಸುತ್ತಾರೆ. ದುರಸ್ತಿ ಎಂಬ ಕೆಲಸದ ಸಾರದಲ್ಲಿ ನೆರೆಯವರಿಗೆ ಹಾನಿ ಮಾಡುವಂಥದು ಏನೂ ಇಲ್ಲ. ಹಾನಿಯಿರುವುದು ರಾತ್ರಿಯ ಸದ್ದಿನಲ್ಲಿ, ಗೇಟಿನ ಅಡ್ಡ ನಿಂತ ಗಾಡಿಯಲ್ಲಿ, ಚರಂಡಿಯ ಎಣ್ಣೆಯಲ್ಲಿ. ಅವುಗಳನ್ನು ಅಳೆಯಬಹುದು, ತಡೆಯಬಹುದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ದುಡಿಮೆಗೆ ಹೆಸರಿಟ್ಟು ನಿಷೇಧಿಸುವ ಬದಲು ಅದರ ಪರಿಣಾಮಕ್ಕೆ ಮಿತಿಯಿಟ್ಟು ಅನುಮತಿಸುವುದೇ ವಿವೇಕದ ಮಾರ್ಗವೆಂದು ನಾವು ಭಾವಿಸುತ್ತೇವೆ.

ದಿಲ್ಲಿ ನಗರವು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಿತು. 2006ರ ಫೆಬ್ರುವರಿ 16ರಂದು ವಾಸದ ಪ್ರದೇಶಗಳ ದುರುಪಯೋಗದ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದಿತು. ಮಾರ್ಚ್ ಅಂತ್ಯಕ್ಕೆ ಬೀಗಮುದ್ರೆ ಹಾಕುವ ಕಾರ್ಯ ಆರಂಭವಾಯಿತು. ವರ್ತಕರು ಬೀದಿಗಿಳಿದರು, ಸೆಪ್ಟೆಂಬರಿನಲ್ಲಿ ಸೀಲಂಪುರದ ಪ್ರತಿಭಟನೆ ಹಿಂಸೆಗೆ ತಿರುಗಿ ಜೀವಗಳೇ ಹೋದವು. ಆಮೇಲೆ 2007ರ ಫೆಬ್ರುವರಿ 7ರಂದು ಬಂದ ಹೊಸ ಮಹಾಯೋಜನೆ ಮಿಶ್ರ ಉಪಯೋಗಕ್ಕೆ ದಾರಿ ಮಾಡಿತಲ್ಲದೆ, ಐವರು ಕೆಲಸಗಾರರು ಹಾಗೂ 5 ಕಿಲೋವಾಟ್ ವಿದ್ಯುತ್ತಿನ ಮಿತಿಯೊಳಗಿನ, ಮಾಲಿನ್ಯಕಾರಕವಲ್ಲದ ಗೃಹ ಕೈಗಾರಿಕೆಗಳಿಗೆ ವಾಸದ ಪ್ರದೇಶದಲ್ಲಿ ಅವಕಾಶವಿತ್ತಿತು. ಒಂದು ವರ್ಷ ಮೊದಲೇ ಬರೆಯಬಹುದಾಗಿದ್ದ ವಾಕ್ಯವದು. ಬೆಂಗಳೂರಿನ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ 2007ರಲ್ಲಿ ಮಂಜೂರಾದ ಪರಿಷ್ಕೃತ ಮಹಾಯೋಜನೆ ವಾಸದ ಬಡಾವಣೆಗಳಲ್ಲಿ ವಾಣಿಜ್ಯಕ್ಕೆ ಉದಾರವಾಗಿ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಳನುಗ್ಗಿದವರು ಕೊಡೆ ರಿಪೇರಿಯವರಲ್ಲ, ಪಬ್ಬುಗಳವರೂ ಭಾರೀ ಮಳಿಗೆಗಳವರೂ. ನಿವಾಸಿಗಳ ಸಂಘಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಸಣ್ಣವನ ಹೆಸರಿನಲ್ಲಿ ಸಡಿಲಿಸಿದ ನಿಯಮದ ಲಾಭ ದೊಡ್ಡವನಿಗೆ ಹೋಗುವುದು, ಅದರ ವಿರುದ್ಧ ಬಿಗಿ ಮಾಡಿದ ನಿಯಮದ ಪೆಟ್ಟು ಮತ್ತೆ ಸಣ್ಣವನಿಗೆ ಬೀಳುವುದು: ಇದು ನಮ್ಮ ನಾಡಿನ ನಿತ್ಯದ ನಾಟಕ. ಆದುದರಿಂದಲೇ ಅನುಮತಿಯಲ್ಲಿ ಸ್ಪಷ್ಟವಾದ ಕಟ್ಟುಗಳಿರಬೇಕು. ಮನೆಯ ಯಜಮಾನನೇ ಅಲ್ಲಿ ವಾಸವಿದ್ದು ತಾನೇ ದುಡಿಯಬೇಕು. ಹೊರಗಿನ ಸಹಾಯಕ ಒಬ್ಬನಿಗಿಂತ ಹೆಚ್ಚು ಬೇಡ. ರಸ್ತೆಯಲ್ಲಿ ಕೆಲಸ ಕೂಡದು. ಕತ್ತಲಾದ ಮೇಲೆ ಯಂತ್ರ ಓಡಕೂಡದು. ಎಣ್ಣೆ, ಬ್ಯಾಟರಿ, ಇ-ತ್ಯಾಜ್ಯವನ್ನು ಯಾರಿಗೆ ಕೊಟ್ಟರೆಂಬುದರ ಲೆಕ್ಕ ಇಡಬೇಕು. ಹಾಗಿದ್ದರೆ ಆ ಅನುಮತಿಯನ್ನು ಪಬ್ಬಿನವನು ಬಳಸಿಕೊಳ್ಳಲಾರ.

ವಿದ್ಯುತ್ತಿನ ವಿಚಾರದಲ್ಲಿ ನಮ್ಮ ಕುಟುಂಬಗಳು ಎಚ್ಚರ ವಹಿಸಬೇಕು. 2023ರಿಂದ ಗೃಹಜ್ಯೋತಿಯ ಪ್ರಯೋಜನ ಪಡೆಯುತ್ತಿರುವ ಮೀಟರಿನಿಂದಲೇ ಕೊರೆಯುವ ಯಂತ್ರ, ಉಜ್ಜುವ ಯಂತ್ರ ಓಡಿಸಿದರೆ ಅದು 2003ರ ವಿದ್ಯುತ್ ಅಧಿನಿಯಮದ 126ನೇ ಪ್ರಕರಣದಡಿ ಅನಧಿಕೃತ ಬಳಕೆಯಾಗಬಹುದು. ಹಾಗೆಂದು ತೀರ್ಮಾನವಾದರೆ ದರ ಇಮ್ಮಡಿ. ಬೇರೆ ಮೀಟರು ಹಾಕಿಸುವುದು ಕ್ಷೇಮ. ತೆರಿಗೆಯ ಭಯವೂ ಜನರನ್ನು ಕಾಡುತ್ತಿದೆ. 2025ರ ಜುಲೈಯಲ್ಲಿ ಯುಪಿಐ ಪಾವತಿಗಳ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದ ಮೇಲೆ ‘ಕಾಗದ ಮಾಡಿಸಿದರೆ ಸಿಕ್ಕಿಬೀಳುತ್ತೇವೆ’ ಎಂಬ ಭಾವನೆ ಬೇರೂರಿದೆ. ಸೇವೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ; ಜಗಲಿಯ ದುರಸ್ತಿಗಾರರಲ್ಲಿ ಆ ಮೊತ್ತ ಕಂಡವರು ವಿರಳ. 2020ರಿಂದ ಉದ್ಯಮ್ ನೋಂದಣಿಯೂ ಉಚಿತವಾಗಿ ಸಿಗುತ್ತದೆ. ಬ್ಯಾಂಕಿನ ಸಾಲಕ್ಕೆ ಅದು ಉಪಯುಕ್ತ. ಆದರೆ ಅದು ವಲಯದ ಅನುಮತಿಯಲ್ಲ. ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಪಾಲಿಕೆಯ ನೋಟೀಸು ಹಿಂದೆ ಹೋಗುವುದಿಲ್ಲ.

ಸಂತ ತೋಮಸ್ ಅಕ್ವಿನಾಸರು ಕಾನೂನಿಗೆ ಹೇಳಿದ ಲಕ್ಷಣಗಳಲ್ಲಿ ಕೊನೆಯದು ಅದು ಪ್ರಕಟವಾಗಿರಬೇಕು ಎಂಬುದು. ಯಾರನ್ನು ಕಟ್ಟುವುದೋ ಅವರಿಗೆ ತಲುಪದ ಆಜ್ಞೆಗೆ ಕಾನೂನಿನ ಪೂರ್ಣ ಬಲವಿಲ್ಲ. ನಮ್ಮ ವಲಯ ನಿಯಮಾವಳಿಗಳನ್ನು ನೋಡಿದಾಗ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಅವು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕೋಷ್ಟಕ, ಅನುಬಂಧ, ತಿದ್ದುಪಡಿಗಳಲ್ಲಿ ಹರಡಿಕೊಂಡಿವೆ. ತನ್ನ ಜಗಲಿಯಲ್ಲಿ ಏನು ಮಾಡಬಹುದೆಂದು ಒಬ್ಬ ಮೆಕ್ಯಾನಿಕ್ ಅದನ್ನು ಓದಿ ತಿಳಿಯಲಾರ. ಹೇಳುವ ಕಾಗದ ಅವನಿಗೆ ಸಿಗುವುದು ತಪ್ಪು ಮಾಡಿದ ಮೇಲೆ, ನೋಟೀಸಿನ ರೂಪದಲ್ಲಿ. ವಾಸದ ವಲಯದಲ್ಲಿ ಯಾವ ಯಾವ ದುರಸ್ತಿ ಕೆಲಸಗಳಿಗೆ ಯಾವ ಮಿತಿಯಲ್ಲಿ ಅನುಮತಿಯಿದೆ ಎಂಬುದನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಮುದ್ರಿಸಿ ಪ್ರತಿ ವಾರ್ಡು ಕಚೇರಿಯಲ್ಲಿ ಅಂಟಿಸಲು ಸರಕಾರಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ.

ನಾವು ಹೇಳಿದ ಪ್ರಕರಣದಲ್ಲಿ ವಾಳೆಯ ಗುರಿಕಾರರ ಮನೆಯಲ್ಲಿ ಎರಡು ಕುಟುಂಬಗಳನ್ನೂ ಕೂರಿಸಿದೆವು. ಬೈಕಿನ ಕೆಲಸ ನಿಂತಿತು; ಚರಂಡಿಯ ಬಾಯಿಗೆ ಕಟ್ಟೆ ಬಿದ್ದಿತು; ಸಂಜೆ ಏಳಕ್ಕೆ ಯಂತ್ರ ನಿಲ್ಲಬೇಕೆಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಆ ತಾಯಿ ಆಕ್ಷೇಪವಿಲ್ಲವೆಂದು ಬರೆದುಕೊಟ್ಟರು. ಈ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಸ್ವಲ್ಪವೇ. ತಗಡಿನ ಮಾಡನ್ನು ಎರಡೂವರೆ ಅಡಿ ಹಿಂದಕ್ಕೆ ತೆಗೆದು, ನಕ್ಷೆಗೆ ಸರಿಹೊಂದುವ ಮುಂಕೋಣೆಯನ್ನೇ ತೋರಿಸಿ ಅವರು ಹೊಸದಾಗಿ ಅರ್ಜಿ ಹಾಕಿದ್ದಾರೆ. ಮಾಡು ತೆಗೆಯಲು ಆದ ಖರ್ಚು ಎರಡು ತಿಂಗಳ ದುಡಿಮೆ. ಕಡತ ಇನ್ನೂ ಪ್ರಾಧಿಕಾರದಲ್ಲಿದೆ.

ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ, ಸಲಹೆ ಸಲ್ಲಿಸಲು 60 ದಿನಗಳ ಕಾಲಾವಕಾಶವಿರುತ್ತದೆ. ಬೆಂಗಳೂರಿನ 2031ರ ಕರಡು 2017ರ ನವೆಂಬರಿನಲ್ಲಿ ಹೊರಬಂದಾಗ ನಿವಾಸಿ ಸಂಘಗಳು ಆ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡವು. ಆ ಕರಡನ್ನು ಆಮೇಲೆ ಹಿಂಪಡೆಯಲಾಯಿತು. ಜಗಲಿಯಲ್ಲಿ ದುಡಿಯುವವರಿಗೆ ಅಂಥ ಸಂಘವಿಲ್ಲ. ನಮ್ಮ ಊರಿನ ಕರಡು ಹೊರಬಂದ ದಿನ ಅವರ ಪರವಾಗಿ ಒಂದು ಹಾಳೆ ಬರೆದು ಸಲ್ಲಿಸುವ ಕೆಲಸವನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತುಗಳು ವಹಿಸಿಕೊಳ್ಳಬಹುದು. ಯಾರ ಮನೆಯಲ್ಲಿ ಏನು ಕೆಲಸ ನಡೆಯುತ್ತಿದೆ, ಎಷ್ಟು ವಿದ್ಯುತ್ತು ಬೇಕು, ಎಷ್ಟು ಜನ ಬರುತ್ತಾರೆ, ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂಬ ಪಟ್ಟಿಯನ್ನು ವಾಳೆವಾರು ಈಗಲೇ ಮಾಡಿಡುವುದು ಒಳಿತು. ಕರಡು ಬಂದ ಮೇಲೆ 60 ದಿನ ಸಾಲುವುದಿಲ್ಲ.